ಕಲ್ಲಿನ ಮೇಲೆ ಯಾವ ಕಾರಣ ಬರೆಯೋಣ?

(ಕಲಬುರಗಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ನಾನು ಇತಿಹಾಸದ ಮೇಷ್ಟ್ರು. ಮೂವತ್ತು ವರ್ಷ ಮಕ್ಕಳಿಗೆ ಯುದ್ಧಗಳ ಪಾಠ ಮಾಡಿದ್ದೇನೆ. ಕಾರಣಗಳು ಐದು, ಪರಿಣಾಮಗಳು ಐದು ಎಂದು ಬೋರ್ಡಿನ ಮೇಲೆ ಬರೆಯುವುದು, ಮಕ್ಕಳು ಅದನ್ನು ಪಟ್ಟಿಗೆ ಇಳಿಸಿಕೊಳ್ಳುವುದು, ಪರೀಕ್ಷೆಯಲ್ಲಿ ಐದಕ್ಕೆ ಐದು ಅಂಕ ಪಡೆಯುವುದು. ಆ ಐದು ಕಾರಣಗಳಲ್ಲಿ ಒಂದಾದರೂ ಸತ್ತವನಿಗೆ ಗೊತ್ತಿತ್ತೆ ಎಂದು ಒಬ್ಬ ಹುಡುಗನೂ ಕೇಳಲಿಲ್ಲ. ಕೇಳಬೇಕೆಂದು ನಾನೂ ಕಲಿಸಲಿಲ್ಲ. ಇವತ್ತಿನ ಮಾತು ಆ ಬಿಟ್ಟುಹೋದ ಪಾಠದ್ದು.

ನನ್ನ ನೌಕರಿಯ ಬಹುಪಾಲು ಕಳೆದದ್ದು ಕಮಲಾಪುರದಲ್ಲಿ. ಹುಮನಾಬಾದ್ ರಸ್ತೆಯಲ್ಲಿ ಓಡಾಡಿದವರಿಗೆಲ್ಲ ಆ ಊರಿನ ಕೆಂಪು ಬಾಳೆಹಣ್ಣು ಗೊತ್ತು. ಬೇರೆ ಬಾಳೆ ವರ್ಷದ ಆಜುಬಾಜಿಗೆ ಕೈಗೆ ಬಂದರೆ ಇದಕ್ಕೆ ಒಂದೂವರೆ ವರ್ಷ ಬೇಕು. ಅಷ್ಟು ದಿನ ನೀರು, ಗೊಬ್ಬರ ಕೊಟ್ಟು ಕಾಯುವ ತಾಕತ್ತು ಇದ್ದವರು ಮಾತ್ರ ಅದನ್ನು ಬೆಳೆಯುತ್ತಾರೆ. ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದ್ದು ಒಳ್ಳೆಯದೇ ಆಯಿತು, ಆದರೆ ಅದರಿಂದ ಊರಿನ ಎಲ್ಲ ಹುಡುಗರಿಗೂ ಕೆಲಸ ಸಿಗಲಿಲ್ಲ. ಉಳಿದವರು ತೊಗರಿ, ಜೋಳ ಬಿತ್ತುತ್ತಾರೆ. ಮಳೆ ಹೋದ ವರ್ಷ ಪುಣೆ, ಮುಂಬೈ, ಹೈದರಾಬಾದಿಗೆ ಗುಳೆ ಹೋಗುತ್ತಾರೆ. ಓದಿದವರು, ಸ್ವಲ್ಪ ಕೈಯಲ್ಲಿದ್ದವರು ದುಬೈ, ಸೌದಿಯ ಕಡೆ ಮುಖ ಮಾಡುತ್ತಾರೆ. ಊರಿನಲ್ಲಿ ಇದು ಸುದ್ದಿಯೇ ಅಲ್ಲ. ‘ಮಗ ಎಲ್ಲಿದ್ದಾನ್ರಿ?’ ಅಂದರೆ ‘ದುಡಿಲಾಕ ಹೋಗ್ಯಾನ್ರಿ’ ಅನ್ನುವುದು ನಮ್ಮ ಕಡೆಯ ಮಾಮೂಲಿ ಉತ್ತರ.

2024ರ ಫೆಬ್ರುವರಿ ಕೊನೆಯಲ್ಲಿ ಒಂದು ದಿನ ಕಮಲಾಪುರದ ಬಸ್ ನಿಲ್ದಾಣದಲ್ಲಿ ಕಲಬುರಗಿಯ ಬಸ್ಸಿಗೆ ಕಾಯುತ್ತಿದ್ದೆ. ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂದು ಪಕ್ಕದಲ್ಲಿ ಕೂತ. ಕಲಬುರಗಿಯ ಹುಡುಗರು ರಷ್ಯಾದ ಸೈನ್ಯದಲ್ಲಿ ಸಿಕ್ಕಿಬಿದ್ದ ಸುದ್ದಿ ಪತ್ರಿಕೆಯಲ್ಲಿತ್ತು. ಅದನ್ನು ನೋಡುತ್ತ ಅಂದ: ‘ಸರ, ಆ ವಿಡಿಯೊ ನಾನೂ ನೋಡಿದ್ನಿರಿ. ಸೆಕ್ಯೂರಿಟಿ ಕೆಲಸ, ಲಡಾಯಿಗೆ ಕಳ್ಸಂಗಿಲ್ಲ ಅಂತ ಹೇಳಿದ್ದ. ಮೂರು ಲಕ್ಷ ಕೊಡಬೇಕಂತ ಗೊತ್ತಾತು. ನನ್ನ ಬಲ್ಲಿ ಇರಲಿಲ್ರಿ, ಅದಕ್ಕ ಉಳದೀನಿ.’

ನಾನು ಅವನ ಮುಖ ನೋಡಿದೆ. ರೊಕ್ಕ ಇಲ್ಲದ್ದರಿಂದ ಜೀವ ಉಳಿಸಿಕೊಂಡ ಹುಡುಗ ಅವನು. ಸ್ವಲ್ಪ ಹೊತ್ತು ಬಿಟ್ಟು ಕೇಳಿದ: ‘ಆ ಎರಡು ದೇಶದವರಿಗಿ ಜಗಳ ಯಾಕ ಹತ್ಯದರಿ ಸರ?’ ಬಸ್ಸು ಬಂತು. ಐದು ಕಾರಣ ಹೇಳಲು ನನಗೆ ಬಾಯಿ ಬರಲಿಲ್ಲ.

ನಡೆದದ್ದನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಆದರೂ ಒಮ್ಮೆ ಕ್ರಮವಾಗಿ ಹೇಳುತ್ತೇನೆ, ಏಕೆಂದರೆ ನಮ್ಮ ಊರಿನ ಕಥೆಗಳು ಬೇಗ ಮರೆತುಹೋಗುತ್ತವೆ. ಸತ್ತವರ, ಬದುಕಿ ಬಂದವರ ಹೆಸರುಗಳನ್ನು ನಾನು ಹೇಳುವುದಿಲ್ಲ. ಅವರ ಮನೆಗಳು ಇಲ್ಲೇ ನಮ್ಮ ನಡುವೆ ಇವೆ.

2023ರ ಡಿಸೆಂಬರ್‌ನಲ್ಲಿ ಕಲಬುರಗಿಯ ಮೂವರು ಯುವಕರು, ಅವರ ಜೊತೆಗೆ ನಮ್ಮ ಗಡಿಯಾಚೆ ತೆಲಂಗಾಣದ ನಾರಾಯಣಪೇಟೆಯ ಒಬ್ಬ, ರಷ್ಯಾಕ್ಕೆ ಹೋದರು. ದುಬೈಯಲ್ಲಿ ಕೂತು ಯೂಟ್ಯೂಬ್‌ನಲ್ಲಿ ವಿದೇಶದ ಕೆಲಸಗಳ ವಿಡಿಯೊ ಹಾಕುತ್ತಿದ್ದ ಒಬ್ಬ ಏಜೆಂಟನ ಮಾತು ನಂಬಿ ಹೋದವರು ಅವರು. ಭದ್ರತಾ ಸಹಾಯಕನ ಕೆಲಸ, ಒಳ್ಳೆಯ ಪಗಾರ, ಯುದ್ಧಭೂಮಿಗೆ ಹೋಗುವ ಪ್ರಶ್ನೆಯೇ ಇಲ್ಲ ಎಂದು ಅವರಿಗೆ ಹೇಳಲಾಗಿತ್ತು. ಪ್ರತಿಯೊಬ್ಬರಿಂದಲೂ ಸುಮಾರು ಮೂರು ಲಕ್ಷ ರೂಪಾಯಿ ತೆಗೆದುಕೊಂಡರು. ಅಲ್ಲಿ ಇಳಿದ ಮೇಲೆ ರಷ್ಯನ್ ಭಾಷೆಯ ಕರಾರು ಪತ್ರಕ್ಕೆ ಸಹಿ ಹಾಕಿಸಿಕೊಂಡರು. ಕೆಲವೇ ದಿನಗಳ ತರಬೇತಿ, ಕೈಗೆ ಬಂದೂಕು, ಆಮೇಲೆ ಉಕ್ರೇನ್ ಗಡಿ. ಕಂದಕ ತೋಡುವುದು, ಮದ್ದುಗುಂಡು ಹೊರುವುದು ಅವರ ದಿನದ ಕೆಲಸವಾಯಿತು.

2024ರ ಫೆಬ್ರುವರಿ 21ರಂದು ಅದೇ ರೀತಿ ಹೋಗಿದ್ದ ಸೂರತ್‌ನ 23 ವರ್ಷದ ಯುವಕನೊಬ್ಬ ಡ್ರೋನ್ ದಾಳಿಯಲ್ಲಿ ಸತ್ತ. ಅಲ್ಲಿಂದ ನೂರೈವತ್ತು ಮೀಟರ್ ದೂರದಲ್ಲಿ ಕಂದಕ ತೋಡುತ್ತಿದ್ದವನು ನಮ್ಮ ಕಲಬುರಗಿಯ ಹುಡುಗ. ಆ ಸಾವನ್ನು ಹೊರಜಗತ್ತಿಗೆ ಫೋನಿನಲ್ಲಿ ಹೇಳಿದವರಲ್ಲಿ ಅವನೂ ಒಬ್ಬ. ಮಾರ್ಚ್ ಮೊದಲ ವಾರದಲ್ಲಿ ಹೈದರಾಬಾದಿನ ಯುವಕನೊಬ್ಬನ ಸಾವಿನ ಸುದ್ದಿ ಬಂತು. ಅದೇ ವಾರ ಸಿಬಿಐ ಮೊಕದ್ದಮೆ ದಾಖಲಿಸಿ ದೆಹಲಿ, ಮುಂಬೈ, ಚೆನ್ನೈ, ತಿರುವನಂತಪುರ ಮೊದಲಾದ ಏಳು ನಗರಗಳಲ್ಲಿ ಶೋಧ ನಡೆಸಿತು. ಹೀಗೆ ಕಳುಹಿಸಿದ 35 ಪ್ರಕರಣಗಳು ಆಗಲೇ ಸಿಕ್ಕಿದ್ದವು. ಜುಲೈನಲ್ಲಿ ಪ್ರಧಾನಿ ಮಾಸ್ಕೋಗೆ ಹೋದಾಗ ಈ ವಿಷಯ ಎತ್ತಿದರು, ಬಿಡುಗಡೆಗೆ ರಷ್ಯಾ ಒಪ್ಪಿತು. ಸೆಪ್ಟೆಂಬರ್‌ನಲ್ಲಿ ನಮ್ಮ ಮೂವರೂ, ನಾರಾಯಣಪೇಟೆಯವನೂ ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಇಳಿದರು. ಕಲಬುರಗಿಯ ಪಾಲಿಗೆ ಅದು ಹಬ್ಬದ ದಿನ. ಅವರನ್ನು ಕರೆತರಲು ಓಡಾಡಿದ ಮನೆಯವರಿಗೆ, ಪತ್ರ ಬರೆದ ಜನಪ್ರತಿನಿಧಿಗಳಿಗೆ, ಬೆನ್ನು ಬಿಡದೆ ವರದಿ ಮಾಡಿದ ಪತ್ರಕರ್ತರಿಗೆ ಈ ಸಭೆಯ ಪರವಾಗಿ ಕೈ ಮುಗಿಯುತ್ತೇನೆ.

ಎಲ್ಲರೂ ಹಾಗೆ ಮರಳಲಿಲ್ಲ. 2025ರ ಜನವರಿಯಲ್ಲಿ ವಿದೇಶಾಂಗ ಇಲಾಖೆ ಕೊಟ್ಟ ಲೆಕ್ಕದಂತೆ ರಷ್ಯಾದ ಸೈನ್ಯ ಸೇರಿದ್ದ ಭಾರತೀಯರು 126. ಮರಳಿದವರು 96, ಸತ್ತವರು 12, ಕಾಣೆಯಾದವರು 16. ಇನ್ನು ಮುಂದೆ ಭಾರತೀಯರನ್ನು ಸೇರಿಸಿಕೊಳ್ಳುವುದಿಲ್ಲ ಎಂದು ರಷ್ಯಾ ಹೇಳಿದ ಮೇಲೂ 2025ರ ಸೆಪ್ಟೆಂಬರ್‌ನಲ್ಲಿ ನಮ್ಮ ಸರ್ಕಾರ ಜನರಿಗೆ ಮತ್ತೊಮ್ಮೆ ಎಚ್ಚರಿಕೆ ಕೊಡಬೇಕಾಯಿತು.

ಈ ಊರಿನ ಚಹಾದಂಗಡಿಗಳಲ್ಲಿ ನಾನು ಕೇಳಿದ ಮಾತೊಂದಿದೆ: ‘ರೊಕ್ಕದ ಆಸೆಗೆ ಹೋದ್ರು, ಅನುಭವಿಸಿದ್ರು.’ ಈ ಮಾತು ನನಗೆ ಬಹಳ ನೋವು ಕೊಟ್ಟಿದೆ. ಕಲ್ಯಾಣ ಕರ್ನಾಟಕ ಹಿಂದುಳಿದಿದೆ ಎಂದು ನಂಜುಂಡಪ್ಪ ಸಮಿತಿ 2002ರಲ್ಲೇ ಲೆಕ್ಕ ಸಮೇತ ಬರೆದಿದೆ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದದ್ದು ಅದಾಗಿ ಹತ್ತು ವರ್ಷದ ಮೇಲೆ. ಈಗಲೂ ನಮ್ಮ ಹುಡುಗನಿಗೆ ಮನೆ ಹತ್ತಿರ ಕೆಲಸ ಇಲ್ಲ. ತಂಗಿಯ ಮದುವೆ, ತಂದೆಯ ಔಷಧಿ, ಬಡ್ಡಿ ಸಾಲ, ಇವನ್ನು ತೀರಿಸಲು ಹೊರಟವನನ್ನು ಆಸೆಬುರುಕ ಎನ್ನುವ ನಾವು, ಆಸೆ ಹುಟ್ಟಿಸಿ ದಲಾಲಿ ತಿಂದವನನ್ನು ಏನೆನ್ನುತ್ತೇವೆ? ಅವನನ್ನು ಕಂದಕಕ್ಕೆ ಇಳಿಸಿದ ದೇಶವನ್ನು ಏನೆನ್ನುತ್ತೇವೆ? ದುಡಿಯಲು ಹೋಗುವುದು ತಪ್ಪಲ್ಲ. ದುಡಿಯಲು ಬಂದವನನ್ನು ಸಾಯಲು ಕಳುಹಿಸುವುದು ತಪ್ಪು.

ಹಾಗಾದರೆ ಅಷ್ಟು ದೊಡ್ಡ ದೇಶಕ್ಕೆ ನಮ್ಮ ಕಲಬುರಗಿಯ ಹುಡುಗ ಏಕೆ ಬೇಕಾದ? 2022ರ ಫೆಬ್ರುವರಿ 24ರ ಬೆಳಗಿನ ಜಾವ ರಷ್ಯಾ ಉಕ್ರೇನಿನ ಮೇಲೆ ನುಗ್ಗಿದಾಗ ಕೆಲಸ ಬೇಗ ಮುಗಿಯುತ್ತದೆ ಎಂಬ ಎಣಿಕೆ ಇತ್ತು. ಮುಗಿಯಲಿಲ್ಲ. ಸೆಪ್ಟೆಂಬರ್‌ನಲ್ಲಿ ಮೂರು ಲಕ್ಷ ಜನರನ್ನು ಸೈನ್ಯಕ್ಕೆ ಕರೆದರು. ಆ ಆಜ್ಞೆ ಹೊರಟ ಕೂಡಲೇ ಲಕ್ಷಾಂತರ ಗಂಡಸರು ದೇಶ ಬಿಟ್ಟು ಓಡಿದರು. ಇನ್ನೊಮ್ಮೆ ಹಾಗೆ ಕರೆದರೆ ಮಾಸ್ಕೋ, ಪೀಟರ್ಸ್‌ಬರ್ಗ್‌ನಂಥ ನಗರಗಳ ಮನೆಗಳು ಏಕೆ ಎಂದು ಕೇಳುತ್ತವೆ. ಹಾಗಾಗಿ ಜೈಲಿನ ಕೈದಿಗಳನ್ನು ಕರೆದೊಯ್ದರು. ಬುರ್ಯಾತಿಯಾ, ದಾಗೆಸ್ತಾನದಂಥ ದೂರದ ಬಡ ಪ್ರಾಂತಗಳಲ್ಲಿ ದೊಡ್ಡ ಹಣ ತೋರಿಸಿ ಹುಡುಗರನ್ನು ಸೇರಿಸಿಕೊಂಡರು. ಅದೂ ಸಾಲದಾದಾಗ ನೇಪಾಳ, ಶ್ರೀಲಂಕಾ, ಕ್ಯೂಬಾ, ಭಾರತ. ನೇಪಾಳವಂತೂ 2024ರ ಜನವರಿಯಲ್ಲಿ ತನ್ನ ಜನ ರಷ್ಯಾ, ಉಕ್ರೇನ್ ಎರಡೂ ದೇಶಗಳಿಗೆ ಕೆಲಸಕ್ಕೆ ಹೋಗುವುದನ್ನೇ ನಿಲ್ಲಿಸಿತು. ಪ್ರಶ್ನೆ ಕೇಳುವ ಮನೆಯ ಮಗನನ್ನು ಬಿಟ್ಟು, ಕೇಳಲಾರದ ಮನೆಯ ಮಗನನ್ನು ಹುಡುಕುತ್ತ ಬಂದ ಯುದ್ಧ ಕೊನೆಗೆ ನಮ್ಮ ಓಣಿಗೆ ಬಂದು ನಿಂತಿತು.

ರಷ್ಯಾ ಕೊಟ್ಟ ಕಾರಣಗಳನ್ನು ಕೇಳಿದ್ದೀರಿ. ತನ್ನ ದಾಳಿಯನ್ನು ಯುದ್ಧ ಎಂದು ಕರೆಯಲೇ ಇಲ್ಲ, ‘ವಿಶೇಷ ಸೈನಿಕ ಕಾರ್ಯಾಚರಣೆ’ ಎಂದರು. ಉಕ್ರೇನಿನ ಶಸ್ತ್ರ ಕಳಚುತ್ತೇವೆ, ಅಲ್ಲಿನ ನಾಜಿಗಳನ್ನು ತೊಡೆದುಹಾಕುತ್ತೇವೆ, ರಷ್ಯನ್ ಮಾತನಾಡುವವರನ್ನು ಕಾಯುತ್ತೇವೆ, ನ್ಯಾಟೊ ನಮ್ಮ ಬಾಗಿಲಿಗೆ ಬಂದಿದೆ ಎಂದರು. ನ್ಯಾಟೊ ಪೂರ್ವಕ್ಕೆ ಬೆಳೆದದ್ದು ನಿಜ. ಆ ಬಗ್ಗೆ ರಷ್ಯಾಕ್ಕೆ ಅಸಮಾಧಾನ ಇದ್ದದ್ದೂ ನಿಜ. ಆದರೆ 1994ರಲ್ಲಿ ಬುಡಾಪೆಸ್ಟ್‌ನಲ್ಲಿ ಉಕ್ರೇನ್ ತನ್ನ ಅಣ್ವಸ್ತ್ರಗಳನ್ನು ಬಿಟ್ಟುಕೊಡಲು ಒಪ್ಪಿದಾಗ, ನಿನ್ನ ಗಡಿಯನ್ನು ಗೌರವಿಸುತ್ತೇವೆ ಎಂದು ಸಹಿ ಹಾಕಿದ ಮೂರು ದೇಶಗಳಲ್ಲಿ ರಷ್ಯಾವೂ ಒಂದು. ಸಹಿ ಹಾಕಿದ ಕೈಯೇ ಬಾಂಬು ಹಾಕಿತು. ನೆರೆಯವನ ಮೇಲಿನ ಅನುಮಾನ ಅವನ ಮನೆಗೆ ಬೆಂಕಿ ಇಡಲು ಕಾರಣವಾಗುವುದಿಲ್ಲ. ಬಸ್ ನಿಲ್ದಾಣದಲ್ಲಿ ನನ್ನ ವಿದ್ಯಾರ್ಥಿಗೆ ಹೇಳದೆ ಉಳಿದ ಉತ್ತರ ಇದು.

ಯುದ್ಧಕ್ಕೆ ಇಂಥ ಕಾರಣ ಸಾರುವುದು ಹೊಸದಲ್ಲ. ಈಗ ನಿಮ್ಮನ್ನು ಆರುನೂರೈವತ್ತು ವರ್ಷ ಹಿಂದಕ್ಕೆ, ಇದೇ ಊರಿಗೆ ಕರೆದೊಯ್ಯುತ್ತೇನೆ. 1347ರಲ್ಲಿ ಹುಟ್ಟಿದ ಬಹಮನಿ ರಾಜ್ಯಕ್ಕೆ ಕಲಬುರಗಿ ರಾಜಧಾನಿ. ಎರಡನೆಯ ಸುಲ್ತಾನ ಒಂದನೆಯ ಮುಹಮ್ಮದ್ ಶಾ. ಅವನ ಕಾಲದ ಒಂದು ಕಥೆಯನ್ನು ಫರಿಷ್ತಾ ಬರೆದಿದ್ದಾನೆ. ಬಿಜಾಪುರದ ಆದಿಲಶಾಹಿ ಆಸ್ಥಾನದಲ್ಲಿ ಕೂತು ಎರಡು ಶತಮಾನಕ್ಕೂ ತಡವಾಗಿ ಬರೆದವನು ಅವನು. ಅಂಕಿ ಸಂಖ್ಯೆಯಲ್ಲಿ ಅವನ ಕೈ ಉದ್ದ. ಆದರೂ ಅವನು ಬರೆದದ್ದನ್ನು ಯೋಚಿಸದೆ ಬಿಡಲಾಗುವುದಿಲ್ಲ.

ಒಂದು ಸಂಜೆ ಆಸ್ಥಾನದಲ್ಲಿ ಹಾಡು ನಡೆದಿತ್ತು, ಸುಲ್ತಾನ ಮದ್ಯದ ಗುಂಗಿನಲ್ಲಿದ್ದ. ಹಾಡಿದ ಮುನ್ನೂರು ಕಲಾವಿದರಿಗೆ ಇನಾಮು ಕೊಡಬೇಕು, ಅದನ್ನು ವಿಜಯನಗರದ ಖಜಾನೆಯಿಂದ ಕೊಡಿಸಿ ಎಂದು ಹುಕುಂ ಬರೆಸಿದ. ಕುಡಿದ ಮಾತು, ಬೆಳಗಾದರೆ ಇಳಿಯುತ್ತದೆ ಎಂದುಕೊಂಡ ಮಂತ್ರಿ ಸುಮ್ಮನಿದ್ದ. ಮರುದಿನ ಸುಲ್ತಾನ ಕೇಳಿದ: ಪತ್ರ ಹೋಯಿತೆ? ಕಳುಹಿಸಲೇಬೇಕಾಯಿತು. ವಿಜಯನಗರದ ರಾಯ ಪತ್ರ ತಂದವನನ್ನು ಕತ್ತೆಯ ಮೇಲೆ ಕೂರಿಸಿ ಊರೆಲ್ಲ ಮೆರೆಸಿ ಅಟ್ಟಿದ. ರಾಯನ ದಂಡು ತುಂಗಭದ್ರೆ ದಾಟಿ ಮುದಗಲ್ ಕೋಟೆಯನ್ನು ಹಿಡಿದು ಒಳಗಿದ್ದವರನ್ನು ಹೆಣ್ಣು, ಗಂಡು, ಮಕ್ಕಳೆನ್ನದೆ ಕೊಂದಿತು. ತಪ್ಪಿಸಿಕೊಂಡ ಒಬ್ಬನೇ ಒಬ್ಬ ಕಲಬುರಗಿಗೆ ಓಡಿ ಬಂದು ಸುದ್ದಿ ಹೇಳಿದ. ಅಷ್ಟು ಜನ ಸಾಯುವುದನ್ನು ನೋಡಿಯೂ ಬದುಕಿ ಬಂದವನ ಮುಖ ನೋಡಲಾರೆ ಎಂದು ಸುಲ್ತಾನ ಅವನನ್ನೂ ಕೊಲ್ಲಿಸಿದ. ಆಮೇಲೆ ಒಂದು ಲಕ್ಷ ತಲೆ ಉರುಳಿಸುವವರೆಗೆ ಕತ್ತಿ ಒರೆಗೆ ಹಾಕುವುದಿಲ್ಲ ಎಂದು ಆಣೆ ಇಟ್ಟು ಹೊರಟ. ಅವನ ದಂಡೂ ಹೆಣ್ಣು ಮಕ್ಕಳನ್ನು ಬಿಡಲಿಲ್ಲ.

ಈ ಕಥೆಯನ್ನು ಹಿಂದೂ ಮುಸ್ಲಿಂ ಜಗಳವೆಂದು ಹೇಳುವವರಿದ್ದಾರೆ. ಓದಿ ನೋಡಿ: ಎರಡೂ ಕಡೆಯ ಅರಸರು ಉಳಿದರು, ಎರಡೂ ಕಡೆಯ ಒಕ್ಕಲಿನ ಜನ ಸತ್ತರು. ಇತಿಹಾಸಕಾರರನ್ನು ಕೇಳಿದರೆ ನಿಜವಾದ ಕಾರಣ ಹಾಡೂ ಅಲ್ಲ, ಕತ್ತೆಯೂ ಅಲ್ಲ, ಕೃಷ್ಣಾ ತುಂಗಭದ್ರೆಗಳ ನಡುವಿನ ರಾಯಚೂರು ದೋಆಬದ ನೆಲ ಎನ್ನುತ್ತಾರೆ. ಇರಲಿ. ಹೊರಗೆ ಸಾರಿದ ಕಾರಣ ಮಾನದ್ದು, ಒಳಗಿನ ಕಾರಣ ನೆಲದ್ದು. ಮುದಗಲ್ಲಿನ ತಾಯಿಗೆ ಈ ಎರಡರಲ್ಲಿ ಯಾವುದನ್ನು ಹೇಳಿದ್ದರೆ ಸಮಾಧಾನವಾಗುತ್ತಿತ್ತು?

ಕಥೆ ಮುಗಿಯುವ ಬಗೆ ಇನ್ನೂ ಮುಖ್ಯ. ಸಂಧಿಗೆ ಬಂದ ವಿಜಯನಗರದ ರಾಯಭಾರಿಗಳು ಆ ಹಾಡುಗಾರರ ಇನಾಮನ್ನು ಅಲ್ಲೇ ಕೊಟ್ಟರು. ಮೊದಲೇ ತೀರಬಹುದಾಗಿದ್ದ ಲೆಕ್ಕ ಅಷ್ಟು ಹೆಣಗಳಾದ ಮೇಲೆ ತೀರಿತು. ಆಗ ಆ ರಾಯಭಾರಿಗಳು ಧೈರ್ಯ ಮಾಡಿ ಒಂದು ಬೇಡಿಕೆ ಇಟ್ಟರು: ಎರಡೂ ರಾಜ್ಯಗಳು ಅಕ್ಕಪಕ್ಕ ಇರಬೇಕಾದವು, ಮುಂದೆ ಯುದ್ಧವಾದರೂ ಬಡಪಾಯಿ ಜನರನ್ನು ಕೊಲ್ಲಬಾರದು. ಸುಲ್ತಾನ ಒಪ್ಪಿ, ಗೆದ್ದ ಮೇಲೆ ಯಾರನ್ನೂ ಕೊಲ್ಲುವುದಿಲ್ಲ, ನನ್ನ ವಂಶದವರೂ ಇದಕ್ಕೆ ಬದ್ಧರು ಎಂದು ಮಾತು ಕೊಟ್ಟ. ಫರಿಷ್ತಾ ಇದನ್ನು ದಖ್ಖನಿನ ರೂಢಿಯಾಯಿತೆಂದು ಬರೆಯುತ್ತಾನೆ. ಮುಂದಿನ ಅರಸರು ಅದನ್ನು ಪೂರ್ತಿ ಪಾಲಿಸಲಿಲ್ಲ, ನಿಜ. ಆದರೂ ಯುದ್ಧಕ್ಕೆ ಮಿತಿ ಹಾಕಬೇಕು ಎಂಬ ಮಾತು ಈ ನೆಲದಲ್ಲಿ 14ನೆಯ ಶತಮಾನದಲ್ಲಿ ಆಡಿದ ಮಾತು. ಜಿನೀವಾ ಒಪ್ಪಂದವನ್ನು ಪಾಠ ಮಾಡುವಾಗ ನಾನು ಇದನ್ನು ಒಮ್ಮೆಯೂ ಹೇಳಲಿಲ್ಲವಲ್ಲ ಎಂದು ಈಗ ಸಂಕಟವಾಗುತ್ತದೆ.

ಇನ್ನೊಂದು ಸಾಕ್ಷಿ ನಮ್ಮ ಹೊಲಗಳಲ್ಲೇ ನಿಂತಿದೆ. ಕನ್ನಡ ನಾಡಿನ ಊರೂರಿನಲ್ಲಿ ವೀರಗಲ್ಲುಗಳಿವೆ. ಕೆಳಗಿನ ಅಂಕಣದಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ನಾವು ಚಿತ್ರ ನೋಡಿ ಕುಂಕುಮ ಹಚ್ಚಿ ಬರುತ್ತೇವೆ. ಬರಹವಿರುವ ಕಲ್ಲನ್ನು ಓದಿದರೆ ಅಲ್ಲಿ ಹೆಸರಿನ ಜೊತೆಗೆ ಕಾರಣವೂ ಇರುತ್ತದೆ. ತುರುಗೋಳ್: ದನ ಹೊಡೆದುಕೊಂಡು ಹೋಗುವವರನ್ನು ಅಡ್ಡಗಟ್ಟಿ ಸತ್ತ. ಊರಳಿವು: ಊರು ಹಾಳು ಮಾಡಲು ಬಂದವರನ್ನು ತಡೆದು ಸತ್ತ. ಪೆಣ್ಬುಯ್ಯಲ್: ಹೆಣ್ಣುಮಕ್ಕಳ ಮೊರೆಗೆ ಓಡಿ ಹೋಗಿ ಸತ್ತ. ಎಲ್ಲ ಕಲ್ಲುಗಳೂ ಹೀಗಿಲ್ಲ, ಅರಸನ ದಂಡಿನಲ್ಲಿ ಸತ್ತವರ ಕಲ್ಲುಗಳೂ ಬೇಕಾದಷ್ಟಿವೆ. ಆದರೆ ಹಳ್ಳಿಯವರು ತಮ್ಮವನಿಗಾಗಿ ನಿಲ್ಲಿಸಿದ ಕಲ್ಲಿನಲ್ಲಿ ಕಾರಣವನ್ನು ಮರೆಯಲಿಲ್ಲ. ಇವನು ಇದಕ್ಕಾಗಿ ಸತ್ತ, ಇದು ನಮಗೆ ಗೊತ್ತು, ಅವನಿಗೂ ಗೊತ್ತಿತ್ತು ಎಂಬ ಸಾಕ್ಷಿ ಅದು.

ಉಕ್ರೇನಿನ ಹಳ್ಳಿಯಲ್ಲಿ ತನ್ನ ಮನೆ ಕಾಯುತ್ತ ಸತ್ತವನಿಗೆ ನಮ್ಮ ಹಿರಿಯರು ಊರಳಿವಿನ ಕಲ್ಲು ನಿಲ್ಲಿಸುತ್ತಿದ್ದರು, ಅನುಮಾನವೇ ಬೇಡ. ಸೂರತ್‌ನ ಆ 23ರ ಹುಡುಗನ ಕಲ್ಲಿನ ಮೇಲೆ ಯಾವ ಕಾರಣ ಬರೆಯೋಣ? ಅಪರಿಚಿತ ಭಾಷೆಯ ಕರಾರಿಗೆ ಸಹಿ ಹಾಕಿ, ತನಗೆ ಏನೂ ಮಾಡದವರ ನೆಲದಲ್ಲಿ, ತನಗೆ ಏನೂ ಅಲ್ಲದವರ ಪರವಾಗಿ ಗುಂಡಿ ತೋಡುತ್ತ ಸತ್ತ ಎಂದೆ? ಬುರ್ಯಾತಿಯಾದ ಹುಡುಗನ ಕಲ್ಲಿನ ಮೇಲೂ ಬರೆಯಲು ಅಷ್ಟೇ ಇದೆ. ಕಲ್ಲಿನ ಮೇಲೆ ಬರೆಯಲಾಗದ ಕಾರಣಕ್ಕೆ ಒಬ್ಬನನ್ನು ಸಾಯಲು ಕಳುಹಿಸಬಾರದು. ನಾನು ಈ ಸಭೆಯಲ್ಲಿ ಹೇಳಬೇಕೆಂದು ಬಂದದ್ದು ಇದನ್ನೇ.

ಹಾವೇರಿ ಜಿಲ್ಲೆಯ ಚಳಗೇರಿಯ ಮಗನನ್ನು ನೆನೆಯದೆ ಮುಂದೆ ಹೋಗಲಾರೆ. ಉಕ್ರೇನಿನ ಹಾರ್ಕಿವ್‌ನಲ್ಲಿ ವೈದ್ಯಕೀಯ ನಾಲ್ಕನೆಯ ವರ್ಷದಲ್ಲಿದ್ದ. 2022ರ ಮಾರ್ಚ್ 1ರಂದು ಬಂಕರಿನಿಂದ ಹೊರಬಂದು ಆಹಾರಕ್ಕಾಗಿ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತಿದ್ದಾಗ ಶೆಲ್ ದಾಳಿಗೆ ಸಿಕ್ಕ. ಪಿಯುಸಿಯಲ್ಲಿ ಶೇಕಡಾ 97 ಅಂಕ ತೆಗೆದ ಮಗನಿಗೆ ಇಲ್ಲಿ ಸೀಟು ಸಿಗಲಿಲ್ಲ, ಖಾಸಗಿ ಕಾಲೇಜಿನ ಕೋಟಿ ನಮ್ಮ ಕೈಗೆ ನಿಲುಕಲಿಲ್ಲ ಎಂದು ಅವನ ತಂದೆ ದುಃಖದ ನಡುವೆಯೇ ಹೇಳಿದರು. ಮೂರು ವಾರದ ಮೇಲೆ ಶವ ಊರಿಗೆ ಬಂತು. ಪೂಜೆ ಮುಗಿಸಿ ಆ ತಂದೆ ತಾಯಿ ಮಗನ ದೇಹವನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ಕೊಟ್ಟರು. ಅವನು ಓದಿ ಮುಗಿಸಲಾಗದ್ದನ್ನು ಬೇರೆ ಮಕ್ಕಳು ಅವನ ದೇಹದಿಂದ ಕಲಿತರು. ‘ಆಪರೇಷನ್ ಗಂಗಾ’ದಲ್ಲಿ ಸುಮಾರು 22,500 ಭಾರತೀಯರು ಸುರಕ್ಷಿತವಾಗಿ ಮರಳಿದರು. ಅದು ದೊಡ್ಡ ಕೆಲಸ, ಹೊಗಳಬೇಕಾದ ಕೆಲಸ. ಆದರೆ ಅಷ್ಟು ಮಕ್ಕಳು ಅಷ್ಟು ದೂರ ಡಾಕ್ಟರಿಕೆ ಕಲಿಯಲು ಏಕೆ ಹೋಗಿದ್ದರು ಎಂಬ ಪ್ರಶ್ನೆ ಆ ವಿಮಾನಗಳ ಸದ್ದಿನಲ್ಲಿ ಅಡಗಿಹೋಯಿತು. ಚಳಗೇರಿಯ ಮನೆಯ ನೋವಿಗೂ ಕಲಬುರಗಿಯ ಮನೆಗಳ ನೋವಿಗೂ ಬೇರು ಒಂದೇ. ಒಬ್ಬನಿಗೆ ಇಲ್ಲಿ ಸೀಟಿರಲಿಲ್ಲ, ಇನ್ನೊಬ್ಬನಿಗೆ ಇಲ್ಲಿ ಕೆಲಸವಿರಲಿಲ್ಲ.

ಹೊರದೇಶದ ಯುದ್ಧಕ್ಕೆ ಈ ಜಿಲ್ಲೆ ಬೆಲೆ ತೆತ್ತದ್ದು ಇದೇ ಮೊದಲಲ್ಲ. ಮೊದಲ ಮಹಾಯುದ್ಧ ಶುರುವಾದ 1914ರಲ್ಲಿ ನಾವು ನಿಜಾಮರ ಹೈದರಾಬಾದ್ ಸಂಸ್ಥಾನದವರು. ನಿಜಾಮರು ಬ್ರಿಟಿಷರ ಪರ ನಿಂತು ಹಣ ಕೊಟ್ಟರು, ವಿಮಾನ ಕೊಟ್ಟರು. ಬ್ರಿಟಿಷ್ ವಾಯುಪಡೆಯ 110ನೆಯ ಸ್ಕ್ವಾಡ್ರನ್ನಿಗೆ ಆ ಕಾರಣಕ್ಕೇ ಹೈದರಾಬಾದ್ ಎಂಬ ಹೆಸರು ಬಂತು. ಸಂಸ್ಥಾನದ ಲ್ಯಾನ್ಸರ್ ಪಡೆ ಈಜಿಪ್ಟ್, ಪ್ಯಾಲೆಸ್ತೀನ್ ತನಕ ಹೋಯಿತು. ಆ ಖಜಾನೆ ತುಂಬಿದವರಲ್ಲಿ ಕಂದಾಯ ಕಟ್ಟಿದ ಕಲಬುರಗಿ ಸುಬಾದ ರೈತನೂ ಇದ್ದ. ಜರ್ಮನಿಯ ಚಕ್ರವರ್ತಿಗೂ ಅವನಿಗೂ ಏನು ಹಗೆ?

ಉಕ್ರೇನ್ ಯುದ್ಧದಲ್ಲಿ ನಮ್ಮ ದೇಶದ ಪಾಲಿನ ಬಗ್ಗೆಯೂ ನೇರವಾಗಿ ಮಾತಾಡಬೇಕು. 2022ರ ಮಾರ್ಚ್ 2ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ದಾಳಿಯನ್ನು ಖಂಡಿಸುವ ನಿರ್ಣಯಕ್ಕೆ 141 ದೇಶಗಳು ಕೈ ಎತ್ತಿದವು, 5 ವಿರೋಧಿಸಿದವು, 35 ತಟಸ್ಥವಾಗಿ ಉಳಿದವು. ನಾವು ಆ 35ರಲ್ಲಿ. ಹಳೆಯ ಸ್ನೇಹ, ಶಸ್ತ್ರಗಳ ಅವಲಂಬನೆ, ಅಲ್ಲಿ ಸಿಕ್ಕಿಕೊಂಡಿದ್ದ ನಮ್ಮ ವಿದ್ಯಾರ್ಥಿಗಳ ಚಿಂತೆ, ಎಲ್ಲವೂ ಇತ್ತು. ಯುದ್ಧಕ್ಕೆ ಮೊದಲು ನಾವು ಕೊಳ್ಳುವ ಕಚ್ಚಾ ತೈಲದಲ್ಲಿ ರಷ್ಯಾದ ಪಾಲು ನೂರಕ್ಕೆ ಎರಡೂ ಇರಲಿಲ್ಲ, ಆಮೇಲೆ ಮೂರನೆಯ ಒಂದು ಪಾಲು ದಾಟಿತು. ಅಗ್ಗದ ತೈಲ ಕೊಂಡದ್ದನ್ನು ದೇಶದ ಹಿತ ಎಂದು ಸಮರ್ಥಿಸುವವರ ವಾದ ನನಗೆ ಅರ್ಥವಾಗುತ್ತದೆ. ಆದರೆ ಆ ಲಾಭ ನಮ್ಮ ಅಡುಗೆಮನೆಗೆ ಬರಲಿಲ್ಲ. ಬಂದದ್ದು ಸೂರ್ಯಕಾಂತಿ ಎಣ್ಣೆಯ ಏರಿದ ಬೆಲೆ, ಏಕೆಂದರೆ ಆ ಎಣ್ಣೆಯ ಹೆಚ್ಚಿನ ಪಾಲು ಉಕ್ರೇನಿನಿಂದಲೇ ಬರುತ್ತಿತ್ತು. ಬಂದದ್ದು ತೊಗರಿ ಬಿತ್ತುವವನಿಗೆ ಗೊಬ್ಬರದ ಚಿಂತೆ. ತಟಸ್ಥರಾಗಿದ್ದೇವೆ ಎಂದು ದೆಹಲಿ ಹೇಳುವ ಹೊತ್ತಿಗೆ ನಮ್ಮ ಹುಡುಗರು ಒಂದು ಕಡೆಯ ಸಮವಸ್ತ್ರ ತೊಟ್ಟು ಕಂದಕದಲ್ಲಿದ್ದರು. ಯುದ್ಧದಲ್ಲಿ ಸತ್ತ ನಾಗರಿಕರ ಲೆಕ್ಕವನ್ನು ವಿಶ್ವಸಂಸ್ಥೆ ಒಂದೊಂದಾಗಿ ಪರಿಶೀಲಿಸಿ ಇಡುತ್ತದೆ. ಮೂರು ವರ್ಷ ತುಂಬಿದಾಗ ಅದು 12,600 ದಾಟಿತ್ತು. ದೃಢಪಟ್ಟ ಸಾವುಗಳಷ್ಟೇ ಆ ಲೆಕ್ಕದಲ್ಲಿವೆ, ನಿಜವಾದ ಸಂಖ್ಯೆ ಅದಕ್ಕಿಂತ ಹೆಚ್ಚು.

ಮಕ್ಕಳಿಗೆ ಕೆಲವು ಉಪಯೋಗದ ಮಾತು ಹೇಳಬೇಕು. ವಿದೇಶಕ್ಕೆ ಕೆಲಸಗಾರರನ್ನು ಕಳುಹಿಸುವವನು 1983ರ ವಲಸೆ ಕಾಯ್ದೆಯಂತೆ ನೋಂದಾಯಿತ ಏಜೆಂಟ್ ಆಗಿರಬೇಕು. ಅವನ ನೋಂದಣಿ ಸಂಖ್ಯೆ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಸಿಗುತ್ತದೆ, ಮೊಬೈಲಿನಲ್ಲೇ ನೋಡಬಹುದು. ಅವನು ಪಡೆಯಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ನಮ್ಮ ಹುಡುಗರು ಕೊಟ್ಟದ್ದು ಆ 30,000ದ ಸುಮಾರು ಹತ್ತು ಪಟ್ಟು. ಹತ್ತನೆಯ ತರಗತಿ ಮುಗಿಸದವರು ಕೆಲಸಕ್ಕೆಂದು ಹೋಗುವ ಮೊದಲು ಸರ್ಕಾರದ ವಲಸೆ ಅನುಮತಿ ಪಡೆಯಬೇಕಾದ 18 ದೇಶಗಳ ಪಟ್ಟಿಯೊಂದಿದೆ, ಕೊಲ್ಲಿಯ ದೇಶಗಳು ಅದರಲ್ಲಿ ಸೇರಿವೆ. ಅದರಲ್ಲಿ ರಷ್ಯಾ ಇಲ್ಲ. ಸೌದಿಗೆ ಹೋಗುವವನಿಗೆ ಇರುವ ಆ ಒಂದು ಬಾಗಿಲ ಕಾವಲು ಯುದ್ಧ ನಡೆದ ದೇಶಕ್ಕೆ ಹೋಗುವವನಿಗೆ ಇರಲಿಲ್ಲ. ಯುದ್ಧದಲ್ಲಿರುವ ದೇಶಗಳನ್ನು ಆ ಪಟ್ಟಿಗೆ ಸೇರಿಸಬೇಕೆಂದು ನಮ್ಮ ಸಂಸದರು, ಶಾಸಕರು ಒತ್ತಾಯಿಸಲಿ. ಕಲಬುರಗಿಯಿಂದ ಆ ಬೇಡಿಕೆ ಏಳುವುದು ನ್ಯಾಯ.

ಮರಳಿದ ಮೂವರ ಬಗ್ಗೆ ಒಂದು ವಿನಂತಿ. ಮುದಗಲ್ಲಿನಿಂದ ಬದುಕಿ ಬಂದವನಿಗೆ ಆ ಸುಲ್ತಾನ ಮಾಡಿದ್ದನ್ನು ನಾವು ಮಾತಿನಲ್ಲಿ ಮಾಡುವುದು ಬೇಡ. ಚಹಾದಂಗಡಿಯ ‘ಅನುಭವಿಸಿದ್ರು’ ಎಂಬ ಮಾತು ಅಂಥದ್ದೇ. ಅವರು ಕಂಡದ್ದನ್ನು ಕೇಳಿಸಿಕೊಳ್ಳೋಣ. ಕೆಲಸ ಕೊಡಬಲ್ಲವರು ಈ ಸಭೆಯಲ್ಲಿದ್ದರೆ ಅಂಥವರಿಗೆ ಇಲ್ಲೇ ಕೆಲಸ ಕೊಡಿ.

ಕೊನೆಗೆ ನಿಮ್ಮೆಲ್ಲರಲ್ಲಿ ಒಂದು ಬೇಡಿಕೆ. ನಿಮ್ಮ ಓಣಿಯ ಹುಡುಗ ನಾಳೆ ಹೊರದೇಶಕ್ಕೆ ಹೊರಟಾಗ ಅವನ ಕೈಯಲ್ಲಿರುವ ಕರಾರು ಪತ್ರವನ್ನು ತರಿಸಿಕೊಂಡು ಗಟ್ಟಿಯಾಗಿ ಓದಿಸಿ. ಅದು ಅವನಿಗೆ ಬಾರದ ಭಾಷೆಯಲ್ಲಿದ್ದರೆ ಸಹಿ ಹಾಕಗೊಡಬೇಡಿ.